ನವೋದಯ ಪರೀಕ್ಷೆಗೆ ಮಗಳನ್ನು ಬೇರೆ ಜಿಲ್ಲೆಯ ಕೋಚಿಂಗ್‌ಗೆ ಹಾಕಬೇಕಾ?

ನಿಮ್ಮ ಪ್ರಶ್ನೆ ಓದಿದೆ. ಕುಷ್ಟಗಿ ತಾಲೂಕಿನ ಹಳ್ಳಿ, ಸರ್ಕಾರಿ ಶಾಲೆ, ಮಗಳು ಈಗ 4ನೇ ತರಗತಿ. 6ನೇ ತರಗತಿಗೆ ಕುಕನೂರಿನಲ್ಲಿರುವ ನಮ್ಮ ಕೊಪ್ಪಳ ಜಿಲ್ಲೆಯ ನವೋದಯಕ್ಕೆ, ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆಗೆ, ಸೇರಿಸುವ ಆಸೆ ನಿಮ್ಮದು. ಊರಲ್ಲಿ ಯಾರೋ, ‘5ನೇ ತರಗತಿಗೇ ವಿಜಯಪುರದ ಕಡೆ ಹಾಸ್ಟೆಲ್ ಇರುವ ಕೋಚಿಂಗ್‌ಗೆ ಹಾಕಿಬಿಡು, ಇಲ್ಲಾಂದ್ರೆ ಸೀಟು ಸಿಗಲ್ಲ’ ಅಂದಿದ್ದಾರೆ. ಹಾಕಬೇಕಾ, ಪರೀಕ್ಷೆಯಲ್ಲಿ ಏನು ಕೇಳುತ್ತಾರೆ, ಮನೆಯಲ್ಲೇ ತಯಾರಿ ಆಗುತ್ತಾ ಅಂತ ಕೇಳಿದ್ದೀರಿ.

ನಾನು ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. 5ನೇ ತರಗತಿ ಎಷ್ಟೋ ವರ್ಷದಿಂದ ನನ್ನ ಕೈಯಲ್ಲೇ ಇದೆ. ಪ್ರತಿ ವರ್ಷ ನಮ್ಮ ಶಾಲೆಯಿಂದ ಕೆಲವು ಮಕ್ಕಳು ಈ ಪರೀಕ್ಷೆ ಬರೆಯುತ್ತಾರೆ. ಮೊದಲು ಉತ್ತರ ಹೇಳಿಬಿಡುತ್ತೇನೆ: ಹಾಕಬೇಡಿ. ದುಡ್ಡಿನ ಮಾತು ಆಮೇಲೆ. ಅವಳ ಟಿ.ಸಿ. ಬೇರೆ ಜಿಲ್ಲೆಗೆ ಹೋದರೆ ಕುಕನೂರಿಗೆ ಅರ್ಜಿ ಹಾಕುವ ಅರ್ಹತೆಯೇ ಹೋಗುತ್ತದೆ.

ನವೋದಯದ ನಿಯಮ ಹೀಗಿದೆ. ಯಾವ ಜಿಲ್ಲೆಯ ನವೋದಯವೋ ಆ ಜಿಲ್ಲೆಯಲ್ಲೇ ಮಗು ವಾಸ ಇರಬೇಕು, 5ನೇ ತರಗತಿಯನ್ನೂ ಆ ಜಿಲ್ಲೆಯಲ್ಲೇ ಓದುತ್ತಿರಬೇಕು. ಎರಡೂ ಬೇಕು. ನಿಮ್ಮ ಮಗಳು ವಿಜಯಪುರ ಜಿಲ್ಲೆಯ ಶಾಲೆಗೆ ದಾಖಲಾದರೆ ಓದುತ್ತಿರುವುದು ಅಲ್ಲಿ, ಮನೆ ಇರುವುದು ಇಲ್ಲಿ. ಕುಕನೂರಿಗೂ ಆಗುವುದಿಲ್ಲ, ಆಲಮಟ್ಟಿಯಲ್ಲಿರುವ ವಿಜಯಪುರ ಜಿಲ್ಲೆಯ ನವೋದಯಕ್ಕೂ ಆಗುವುದಿಲ್ಲ. ಸಾವಿರಗಟ್ಟಲೆ ಫೀಸು ಕಟ್ಟಿ ವರ್ಷವಿಡೀ ಓದಿದ ಮೇಲೆ ಇದು ಗೊತ್ತಾದರೆ ಆ ಮಗುವಿಗೆ ಏನಂತ ಹೇಳುತ್ತೀರಿ?

ಇನ್ನೊಂದು ಮಾತು ಗ್ರಾಮೀಣ ಕೋಟಾದ್ದು. ನನ್ನ ಪ್ರಕಾರ ಪೂರ್ತಿ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನವೋದಯದಲ್ಲಿ 6ನೇ ತರಗತಿಗೆ ಹೆಚ್ಚೆಂದರೆ 80 ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ಅದರಲ್ಲಿ ಕನಿಷ್ಠ ಶೇ. 75, ಅಂದರೆ 60 ಸೀಟು ಹಳ್ಳಿ ಮಕ್ಕಳಿಗೆ. ಆದರೆ ಹಳ್ಳಿಯಲ್ಲಿ ಮನೆ ಇದ್ದರೆ ಸಾಲದು. 3, 4 ಮತ್ತು 5ನೇ ತರಗತಿಯನ್ನು ಪೂರ್ತಿಯಾಗಿ ಹಳ್ಳಿಯ ಮಾನ್ಯತೆ ಇರುವ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷದಲ್ಲಿ ಒಂದು ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗುವನ್ನು ನಗರದ ಮಗು ಅಂತಲೇ ಲೆಕ್ಕ ಹಾಕುತ್ತಾರೆ.

ನಮ್ಮ ಕಡೆ ಇದು ಎಷ್ಟು ಕುಟುಂಬಗಳಿಗೆ ಪೆಟ್ಟು ಕೊಡುತ್ತದೆ ಅಂತ ನಿಮಗೆ ಗೊತ್ತಿರುತ್ತದೆ. ಮಳೆ ಕೈಕೊಟ್ಟರೆ ಜನ ಗುಳೆ ಹೊರಡುತ್ತಾರೆ. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು, ಲೆಕ್ಕದಲ್ಲಿ ಬಹಳ ಚುರುಕು. ಅವಳು 4ನೇ ತರಗತಿಯಲ್ಲಿದ್ದಾಗ ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆ ಮಂಗಳೂರಿಗೆ ಹೋದರು. ಹೆಣ್ಣುಮಗು, ಒಬ್ಬಳನ್ನೇ ಬಿಟ್ಟು ಹೋಗೋದು ಹೇಗೆ ಅಂತ ಜೊತೆಗೆ ಕರೆದುಕೊಂಡು ಹೋದರು. ಓದು ನಿಲ್ಲಬಾರದು ಅಂತ ಅಲ್ಲಿನ ಶಾಲೆಗೂ ಸೇರಿಸಿದರು. ನಾಲ್ಕು ತಿಂಗಳಾದ ಮೇಲೆ ವಾಪಸ್ ಬಂದರು. ಮರುವರ್ಷ ಅರ್ಜಿ ತುಂಬಲು ಕೂತಾಗ ದಾಖಲೆ ನೋಡಿದೆ. ಗ್ರಾಮೀಣ ಅಂತ ಹಾಕುವಂತಿರಲಿಲ್ಲ. ನಗರದ ಮಕ್ಕಳ ಜೊತೆ ಉಳಿದ ಕೆಲವೇ ಸೀಟುಗಳಿಗೆ ಪೈಪೋಟಿ ಮಾಡಿದಳು, ಸಿಗಲಿಲ್ಲ. ‘ಶಾಲೆ ಬಿಡಿಸಬಾರದು ಅಂತ ಅಲ್ಲಿ ಹಚ್ಚಿದ್ವಿ ಟೀಚರ್ರೀ, ತಪ್ಪಾಯ್ತೇನ್ರೀ?’ ಅಂತ ಅವರಮ್ಮ ಕೇಳಿದರು. ಅವರು ಮಾಡಿದ್ದು ತಪ್ಪೇ ಅಲ್ಲ. ನಾವು ಮೊದಲೇ ತಿಳಿಸಿ ಹೇಳಿರಲಿಲ್ಲ. ಆಮೇಲಿಂದ ನಾನು 2ನೇ ತರಗತಿ ಮಕ್ಕಳ ತಂದೆತಾಯಿಗೇ ಈ ನಿಯಮ ಹೇಳುತ್ತೇನೆ. ಗುಳೆ ಹೋಗುವುದಾದರೆ, ಆ ಮೂರು ವರ್ಷ ಮಗುವನ್ನು ಅಜ್ಜಿ ಹತ್ತಿರ, ಇಲ್ಲ ಸೋದರಮಾವನ ಮನೆಯಲ್ಲಿ ಬಿಟ್ಟು ಹೋಗುವ ದಾರಿ ಇದೆಯಾ ನೋಡಿ ಅನ್ನುತ್ತೇನೆ.

ಹತ್ತಿರದ ಪಟ್ಟಣದ ಕಾನ್ವೆಂಟಿಗೆ ವ್ಯಾನಿನಲ್ಲಿ ಕಳಿಸಿದರೂ ಇದೇ ಕಥೆ. ತಾವರಗೇರಾ, ಕನಕಗಿರಿ, ಭಾಗ್ಯನಗರ ನೋಡಲು ದೊಡ್ಡ ಹಳ್ಳಿಯಂತಿದ್ದರೂ ಪಟ್ಟಣ ಪಂಚಾಯತಿ ಆಗಿವೆ. ಸರ್ಕಾರದ ದಾಖಲೆಯಲ್ಲಿ ಏನಿದೆಯೋ ಅದೇ ಲೆಕ್ಕ. ನಿಮ್ಮ ಮಗಳು ಹಳ್ಳಿಯ ಸರ್ಕಾರಿ ಶಾಲೆಯಲ್ಲಿದ್ದಾಳಲ್ವಾ? ಆ 60 ಸೀಟಿನ ಬಾಗಿಲು ಅವಳಿಗೆ ತೆರೆದೇ ಇದೆ. ನೀವಾಗಿಯೇ ಮುಚ್ಚಬೇಡಿ.

6ನೇ ತರಗತಿಯ ಈ ಪರೀಕ್ಷೆಗೆ ಅವಕಾಶ ಒಂದೇ ಸಲ. ಎರಡನೇ ಬಾರಿ ಬರೆಯುವ ಹಾಗಿಲ್ಲ. ಕೆಲವರು ಸೀಟು ಸಿಗಲಿಲ್ಲ ಅಂತ ಮಗುವನ್ನು ಮತ್ತೆ 5ನೇ ತರಗತಿಯಲ್ಲೇ ಕೂರಿಸುತ್ತಾರೆ. ಅದಕ್ಕೂ ಅವಕಾಶವಿಲ್ಲ, ಮಗುವಿನ ಒಂದು ವರ್ಷ ಸುಮ್ನೆ ಹಾಳು.

ಈಗ ಪರೀಕ್ಷೆ. ಒಟ್ಟು 80 ಪ್ರಶ್ನೆ, 100 ಅಂಕ, ಎರಡು ಗಂಟೆ. ಬೆಳಿಗ್ಗೆ 11.30ರಿಂದ ಮಧ್ಯಾಹ್ನ 1.30. ಒಂದು ಪ್ರಶ್ನೆಗೆ 1.25 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಮಾನಸಿಕ ಸಾಮರ್ಥ್ಯ 40 ಪ್ರಶ್ನೆ, ಅಂಕಗಣಿತ 20, ಭಾಷೆ 20. ಮೂರರಲ್ಲೂ ಬೇರೆ ಬೇರೆಯಾಗಿ ಅರ್ಹತೆ ಪಡೆಯಬೇಕು. ಲೆಕ್ಕ ಚೆನ್ನಾಗಿ ಮಾಡಿ ಭಾಷೆಯಲ್ಲಿ ಕೈಬಿಟ್ಟರೆ ಆಗುವುದಿಲ್ಲ.

ಒಟ್ಟು ಅಂಕದಲ್ಲಿ ಅರ್ಧ ಮಾನಸಿಕ ಸಾಮರ್ಥ್ಯಕ್ಕೇ ಇದೆ ನೋಡಿ. ಆ 40 ಪ್ರಶ್ನೆಯೂ ಚಿತ್ರಗಳೇ. ಹತ್ತು ಬಗೆ, ಒಂದೊಂದು ಬಗೆಯಲ್ಲಿ ನಾಲ್ಕು ಪ್ರಶ್ನೆ. ಗುಂಪಿಗೆ ಸೇರದ ಚಿತ್ರ ಯಾವುದು, ಅರ್ಧ ಬಿಟ್ಟ ವಿನ್ಯಾಸಕ್ಕೆ ಯಾವ ತುಂಡು ಕೂರುತ್ತದೆ, ಸಾಲಿನಲ್ಲಿ ಮುಂದಿನ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಹಾಳೆ ಮಡಚಿ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬರುತ್ತವೆ, ದೊಡ್ಡ ಚಿತ್ರದೊಳಗೆ ಚಿಕ್ಕದು ಎಲ್ಲಿ ಅಡಗಿದೆ, ಹೀಗೆ. ಇದರಲ್ಲಿ ಬಾಯಿಪಾಠ ಮಾಡುವಂಥದ್ದು ಏನೂ ಇಲ್ಲ. ಕಣ್ಣಿಟ್ಟು ನೋಡುವ ಅಭ್ಯಾಸ ಬೇಕು. ಓದಲು ಬರೆಯಲು ಬಾರದ ತಾಯಿಯೂ ಇದನ್ನು ಕಲಿಸಬಹುದು. ಇದು ನಾನು ಕಣ್ಣಾರೆ ಕಂಡದ್ದು.

ಮಡಚಿದ ಹಾಳೆಯ ಪ್ರಶ್ನೆ ಮಕ್ಕಳನ್ನು ಜಾಸ್ತಿ ಗೊಂದಲ ಮಾಡುತ್ತದೆ. ಪುಸ್ತಕದಲ್ಲಿ ಚುಕ್ಕೆ ಗೆರೆ ನೋಡಿದರೆ ಅವರಿಗೆ ತಲೆಗೆ ಹೋಗುವುದಿಲ್ಲ. ನಾನು ತರಗತಿಗೆ ಹಳೆ ಪೇಪರು ಮತ್ತು ಚೀಲ ಹೊಲಿಯುವ ದಬ್ಬಣ ಒಯ್ಯುತ್ತೇನೆ. ಪೇಪರನ್ನು ಚೌಕವಾಗಿ ಕತ್ತರಿಸಿ ಒಂದು ಮಡಿಕೆ ಮಡಚಿ, ದಬ್ಬಣದಿಂದ ನಾನೇ ಒಂದು ತೂತು ಹಾಕುತ್ತೇನೆ. ಬಿಚ್ಚುವ ಮೊದಲು ಮಕ್ಕಳು ತಮ್ಮ ಪಾಟಿಯ ಮೇಲೆ ತೂತುಗಳ ಜಾಗ ಗುರುತು ಮಾಡಬೇಕು. ಆಮೇಲೆ ಬಿಚ್ಚಿ ಬೆಳಕಿಗೆ ಹಿಡಿಯುತ್ತೇನೆ. ಮೊದಲ ದಿನ ಎಲ್ಲರೂ ಒಂದೇ ತೂತು ಬರೆದಿರುತ್ತಾರೆ. ಎರಡು ಕಂಡಾಗ ‘ಹೌದಲ್ರೀ ಟೀಚರ್!’ ಅಂತ ಕೂಗುತ್ತಾರೆ. ಮಾರನೆ ದಿನ ಎರಡು ಮಡಿಕೆ, ನಾಲ್ಕು ತೂತು. ಆಮೇಲೆ ಮೂಲೆಯಿಂದ ಮೂಲೆಗೆ ಮಡಚಿದ್ದು. ವಾರದೊಳಗೆ ಪೇಪರು ಇಲ್ಲದೆಯೂ ಮನಸ್ಸಲ್ಲೇ ಮಡಚಿ ಬಿಚ್ಚಲು ಬರುತ್ತದೆ.

ನಿಮ್ಮ ಮನೆಯಲ್ಲಿ ಕೌದಿ ಇದ್ದೇ ಇರುತ್ತದೆ. ಅದನ್ನು ಹಾಸಿ, ಒಂದು ಮೂಲೆ ಕೈಯಿಂದ ಮುಚ್ಚಿ, ‘ಇಲ್ಲಿ ಯಾವ ಬಣ್ಣ, ಯಾವ ಆಕಾರದ ತುಂಡು ಇದೆ ಹೇಳು’ ಅಂತ ಕೇಳಿ. ವಿನ್ಯಾಸ ಪೂರ್ತಿ ಮಾಡುವ ಪ್ರಶ್ನೆ ಅಂದರೆ ಇದೇ. ಬಾಗಿಲ ಮುಂದಿನ ರಂಗೋಲಿಯನ್ನು ಅರ್ಧ ನೀವು ಹಾಕಿ, ಉಳಿದರ್ಧ ಅವಳ ಕೈಯಲ್ಲಿ ಹಾಕಿಸಿ. ಸಣ್ಣ ಕನ್ನಡಿಯನ್ನು ಅಕ್ಷರದ ಪಕ್ಕಕ್ಕೆ ಹಿಡಿದು ತೋರಿಸಿ. ಇಷ್ಟು ಆದ ಮೇಲೆ ಹಳೆ ಪ್ರಶ್ನೆಪತ್ರಿಕೆಗಳ ಒಂದು ಪುಸ್ತಕ ತಂದುಕೊಟ್ಟು ಗಡಿಯಾರ ಇಟ್ಟು ಬಿಡಿಸಿದರೆ ಸಾಕು.

ಅಂಕಗಣಿತದಲ್ಲಿ ನಾಲ್ಕು ಮೂಲ ಲೆಕ್ಕ, ಭಿನ್ನರಾಶಿ, ದಶಮಾಂಶ, ಲ.ಸಾ.ಅ. (ಎಲ್‌ಸಿಎಂ), ಮ.ಸಾ.ಅ. (ಎಚ್‌ಸಿಎಫ್), ಅಳತೆ, ಸುತ್ತಳತೆ, ವಿಸ್ತೀರ್ಣ, ಕೋನ, ಸ್ತಂಭ ನಕ್ಷೆ ನೋಡಿ ಹೇಳುವ ಲೆಕ್ಕ ಬರುತ್ತವೆ. 5ನೇ ತರಗತಿಯ ಗಣಿತ ಪುಸ್ತಕ ಗಟ್ಟಿಯಾಗಿದ್ದರೆ ಭಯವಿಲ್ಲ. ಮಗ್ಗಿ ಬಾಯಲ್ಲಿ ಓಡುತ್ತಿರಬೇಕು, ಇಲ್ಲದಿದ್ದರೆ ಸಮಯ ಸಾಲುವುದಿಲ್ಲ. ಭಾಷೆಗೆ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ದಿನಾ ಒಂದು ಪುಟ ಏನಾದರೂ ಗಟ್ಟಿಯಾಗಿ ಓದಿಸಿ, ಏನು ತಿಳಿಯಿತು ಅಂತ ಕೇಳಿ. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲೇ, ನಿಧಾನ ಓದುವುದರಿಂದ.

ಓಎಂಆರ್ ಹಾಳೆ, ಅಂದರೆ ವೃತ್ತ ತುಂಬಿ ಉತ್ತರ ಗುರುತಿಸುವ ಹಾಳೆಯ ಬಗ್ಗೆ ಎಚ್ಚರ ಇರಲಿ. ಹತ್ತು ವರ್ಷದ ಮಕ್ಕಳು ಅದನ್ನು ಮೊದಲ ಸಲ ನೋಡುವುದೇ ಪರೀಕ್ಷೆ ದಿನ. ನನ್ನ ಒಬ್ಬ ಹುಡುಗ 31ನೇ ಪ್ರಶ್ನೆ ಆಮೇಲೆ ಮಾಡೋಣ ಅಂತ ಬಿಟ್ಟ. ಆದರೆ 32ರ ಉತ್ತರವನ್ನು 31ರ ವೃತ್ತದಲ್ಲಿ ತುಂಬಿಬಿಟ್ಟ. 40ಕ್ಕೆ ಬಂದಾಗ ಗೊತ್ತಾಯಿತು. ಬಾಲ್ ಪೆನ್ನಿನಲ್ಲಿ ತುಂಬಿದ್ದು, ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಹೊರಗೆ ಬಂದು ಒಂದು ಮಾತೂ ಆಡಲಿಲ್ಲ. ಊರಿಗೆ ಬರುವ ತನಕ ಬಸ್ಸಿನ ಕಿಟಕಿಯ ಆಚೆಯೇ ನೋಡುತ್ತಾ ಕೂತಿದ್ದ. ಆ ಮುಖ ನನಗೆ ಇನ್ನೂ ಕಣ್ಣ ಮುಂದೆ ಇದೆ. ಈಗ ನಾನು 80 ಸಾಲು ವೃತ್ತ ಇರುವ ಹಾಳೆ ಜೆರಾಕ್ಸ್ ಮಾಡಿಸಿ ವಾರಕ್ಕೊಮ್ಮೆ ತುಂಬಿಸುತ್ತೇನೆ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಪ್ರಶ್ನೆಪತ್ರಿಕೆ, ಓಎಂಆರ್ ಎರಡೂ ಕಡೆಯ ನಂಬರಿನ ಮೇಲೆ ಬೆರಳಿಟ್ಟು ಹೊಂದುತ್ತಾ ಅಂತ ನೋಡಬೇಕು.

ಅರ್ಜಿ ಆನ್‌ಲೈನ್, ಶುಲ್ಕ ಇಲ್ಲ. ಸಾಮಾನ್ಯವಾಗಿ ಮಳೆಗಾಲದಲ್ಲಿ ಕರೆಯುತ್ತಾರೆ, ಪರೀಕ್ಷೆ ಡಿಸೆಂಬರ್ ಅಥವಾ ಜನವರಿಯಲ್ಲಿ. ಸೈಬರ್ ಸೆಂಟರ್‌ನಲ್ಲಿ ತುಂಬಿಸುವಾಗ ನೀವು ಪಕ್ಕದಲ್ಲೇ ಕೂತಿರಿ. ಪರೀಕ್ಷೆಯ ಮಾಧ್ಯಮ ಕನ್ನಡ ಅಂತ ಇದೆಯಾ, ಗ್ರಾಮೀಣ ಅಂತ ಇದೆಯಾ, ಜಾತಿ ವರ್ಗ ಸರಿ ಇದೆಯಾ ನೋಡಿ. ಮಾಧ್ಯಮದಲ್ಲಿ ಇಂಗ್ಲಿಷ್ ಅಂತ ಒತ್ತಿದರೆ ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಬರುತ್ತದೆ. ಒಬಿಸಿಗೆ ಶೇ. 27 ಮೀಸಲಾತಿ ಇದೆ, ಆದರೆ ಅದು ಕೇಂದ್ರದ ಪಟ್ಟಿಯಂತೆ. ನಮ್ಮ ರಾಜ್ಯದ 2ಎ, 3ಬಿ ಪಟ್ಟಿಯಲ್ಲಿ ಇರುವ ಎಲ್ಲ ಜಾತಿಗಳೂ ಅದರಲ್ಲಿಲ್ಲ, ಮೊದಲೇ ವಿಚಾರಿಸಿ. ಪರಿಶಿಷ್ಟ ಜಾತಿ, ಪಂಗಡಕ್ಕೆ ಜಿಲ್ಲೆಯ ಜನಸಂಖ್ಯೆ ನೋಡಿ ಸೀಟು ಕೊಡುತ್ತಾರೆ. ಒಟ್ಟು ಸೀಟಿನಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ.

ಸೀಟು ಸಿಕ್ಕರೆ ಊಟ, ವಸತಿ, ಓದು ಎಲ್ಲ ಉಚಿತ. 9ನೇ ತರಗತಿಯಿಂದ ಕೆಲವರಿಗೆ ತಿಂಗಳ ಶುಲ್ಕ ಇದೆ, ಹೆಣ್ಣುಮಕ್ಕಳಿಗೆ ಅದೂ ಇಲ್ಲ. 9ನೇ ತರಗತಿಯಲ್ಲಿ ಶೇ. 30 ಮಕ್ಕಳನ್ನು ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಕಳಿಸುತ್ತಾರೆ. ಇದನ್ನು ಮಗಳ ಅಮ್ಮನಿಗೆ ಈಗಲೇ ಹೇಳಿಡಿ. ಆಗ ಹೋಗಿ ಗಾಬರಿಯಾಗುವುದು ಬೇಡ.

ಇದೊಂದನ್ನೇ ನಂಬಿ ಕೂರಬೇಡಿ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿಗೂ 6ನೇ ತರಗತಿಗೆ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಎಲ್ಲ ಕೇಳುತ್ತಾರೆ, ಹಾಗಾಗಿ ಶಾಲೆ ಪುಸ್ತಕ ಬಿಡಬಾರದು. ಮನೆಯಲ್ಲೇ ಇದ್ದು ಓದಲಿ ಅನ್ನುವುದಾದರೆ ಆದರ್ಶ ವಿದ್ಯಾಲಯ ಇದೆ, ಇಂಗ್ಲಿಷ್ ಮಾಧ್ಯಮ. ಹತ್ತು ವರ್ಷಕ್ಕೇ ಮನೆ ಬಿಟ್ಟು ಇರಲು ಎಲ್ಲ ಮಕ್ಕಳಿಗೂ ಆಗುವುದಿಲ್ಲ. ರಾತ್ರಿ ಅಮ್ಮನ ಸೆರಗು ಹಿಡಿದೇ ಮಲಗುವ ಮಗುವಾದರೆ ನಾನು ಆದರ್ಶವನ್ನೇ ಹೇಳುತ್ತೇನೆ. ನವೋದಯಕ್ಕೆ 9ನೇ ತರಗತಿಗೂ ಖಾಲಿ ಸೀಟುಗಳಿಗೆ ಪರೀಕ್ಷೆ ನಡೆಯುತ್ತದೆ, ಆಗ ಸ್ವಲ್ಪ ದೊಡ್ಡವಳಾಗಿರುತ್ತಾಳೆ.

ಈ ವಾರ ಒಂದು ಕೆಲಸ ಮಾಡಿ. ಶಾಲೆಗೆ ಹೋಗಿ ದಾಖಲಾತಿ ಪುಸ್ತಕದಲ್ಲಿ ಮಗಳ ಹೆಸರು, ಹುಟ್ಟಿದ ದಿನಾಂಕ ನೋಡಿ, ಆಧಾರ್ ಕಾರ್ಡಿನ ಜೊತೆ ಹೊಂದಿಸಿ. 2026-27ರ ಪ್ರವೇಶಕ್ಕೆ 1-5-2014ರಿಂದ 31-7-2016ರ ಒಳಗೆ ಹುಟ್ಟಿರಬೇಕಿತ್ತು. ನಿಮ್ಮ ಮಗಳ ಸರದಿ ಬಂದಾಗ ಆ ವರ್ಷದ ಪ್ರಕಟಣೆಯಲ್ಲಿ ದಿನಾಂಕ ನೋಡಿಕೊಳ್ಳಿ. ದಾಖಲೆಯಲ್ಲಿ ವ್ಯತ್ಯಾಸ ಇದ್ದರೆ ಈಗಲೇ ತಿದ್ದಿಸಿ, ಅರ್ಜಿ ಕರೆದ ಮೇಲೆ ಓಡಾಡಲು ಸಮಯ ಸಾಲುವುದಿಲ್ಲ. ಹಾಗೇ ಅವಳ ತರಗತಿಯ ಟೀಚರ್ ಹತ್ತಿರವೂ ಮಾತಾಡಿ. ಸಂಜೆ ಅರ್ಧ ಗಂಟೆ ಕೂರಿಸಿಕೊಳ್ಳಲು ಅವರು ಒಪ್ಪಿದರೆ ಜೊತೆಗೆ ಇನ್ನೂ ನಾಲ್ಕು ಮಕ್ಕಳನ್ನು ಸೇರಿಸಿ. ಒಬ್ಬಳೇ ಕೂತು ಬಿಡಿಸುವುದಕ್ಕಿಂತ ಗೆಳತಿಯರ ಜೊತೆ ಬೇಗ ಕಲಿಯುತ್ತಾಳೆ. ಓಎಂಆರ್ ಅಭ್ಯಾಸದ ಹಾಳೆ ಬೇಕಾದರೆ ಕೆಳಗೆ ಹೇಳಿ, ನಾನು ಮಾಡಿಕೊಂಡದ್ದನ್ನು ಇಲ್ಲೇ ಹಾಕುತ್ತೇನೆ.