ಅರ್ಧಕ್ಕೆ ಬಿಟ್ಟು ಬಂದ ಕೆಲಸಗಳು

ನಿಮ್ಮ ಪತ್ರ ಓದಿದೆ. ಸ್ವಯಂಸೇವಕರ ತಂಡದ ಜೊತೆ ಜಾಗದಿಂದ ಜಾಗಕ್ಕೆ ಸುತ್ತುತ್ತ ವರ್ಷ ಮುಗಿಯುತ್ತ ಬಂದಿದೆ, ಇನ್ನು ಕೆಲವೇ ವಾರ ಬಾಕಿ ಎಂದಿದ್ದೀರಿ. ಜೊತೆಯವರ ಮುಖ ಕಂಡರೇ ಸಿಡಿಮಿಡಿ. ಒಂದು ಕೆಲಸವನ್ನೂ ಪೂರ್ತಿ ಮಾಡಲಿಲ್ಲ ಎಂಬ ಕೊರಗು. ಮನೆಯವರದು ಫೋನ್ ಮಾಡಿದಾಗಲೆಲ್ಲ ‘ಮುಂದೇನು?’ ಎಂಬ ಒಂದೇ ಪ್ರಶ್ನೆ. ‘ಇಡೀ ವರ್ಷ ದಂಡ ಆಯ್ತಾ?’ ಎಂದು ಕೊನೆಯ ಸಾಲಿನಲ್ಲಿ ಕೇಳಿದ್ದೀರಿ. ಲೇಖನ ಕಳಿಸಬಹುದಾ ಅಂತಲೂ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಸಿಡಿಮಿಡಿಯ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತಂಡಗಳು ಹೇಗೆ ಬೆಳೆಯುತ್ತವೆ ಎಂದು ಬ್ರೂಸ್ ಟಕ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ನಾಲ್ಕು ಹಂತಗಳಲ್ಲಿ ಹೇಳಿದ್ದರು. 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆ ಸೇರಿ ಐದನೆಯದನ್ನು ಸೇರಿಸಿದರು: ತಂಡ ಚದುರುವ ಹಂತ. ನೀವೀಗ ಅಲ್ಲಿದ್ದೀರಿ. ಒಂದೇ ವ್ಯಾನು, ಒಂದೇ ಅಡುಗೆಮನೆ, ಪಕ್ಕಪಕ್ಕದಲ್ಲೇ ಹಾಸಿಗೆ. ಇಷ್ಟು ದಿನ ಒಟ್ಟಿಗಿದ್ದವರು ಬಿಟ್ಟುಹೋಗುವಾಗ ಕೆಲವರಿಗೆ ಅಳು ಬರುತ್ತದೆ, ಕೆಲವರಿಗೆ ಜಗಳ ಬರುತ್ತದೆ. ಜಗಳವಾಡಿ ಹೊರಡುವುದೇ ಸುಲಭ ಅಲ್ವಾ? ಪಾತ್ರೆ ತೊಳೆಯುವ ಸರದಿಯಂಥ ತಕರಾರನ್ನು ಹೊಟ್ಟೆಗೆ ಹಾಕಿಕೊಳ್ಳಿ. ಯಾರಿಗಾದರೂ ನಿಜವಾಗಿ ಕ್ಷಮೆ ಕೇಳುವುದಿದ್ದರೆ ಈ ವಾರವೇ ಕೇಳಿ. ಕೊನೆಯ ದಿನ ಎಲ್ಲರೂ ಫೋಟೋ, ಬ್ಯಾಗು ಎಂದು ಓಡಾಡುತ್ತಿರುತ್ತಾರೆ.

ಈಗ ಆ ಕೊರಗಿನ ವಿಷಯ. ಇಂಥ ಕಾರ್ಯಕ್ರಮಗಳನ್ನು ಕಟ್ಟಿರುವುದೇ ಹಾಗೆ. ಅಮೆರಿಕ ಸರ್ಕಾರದ ಯುವ ಸೇವಾ ಕಾರ್ಯಕ್ರಮ ಅಮೆರಿಕಾರ್ಪ್ಸ್ ಎನ್‌ಸಿಸಿಸಿಯನ್ನೇ ನೋಡಿ. 18ರಿಂದ 26ರ ವಯಸ್ಸಿನವರ ತಂಡಗಳು ಸುಮಾರು 10 ತಿಂಗಳು ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಒಂದೊಂದು ಕಡೆ ಇರುತ್ತಿದ್ದದ್ದು ಕೆಲವು ವಾರ. ಅಷ್ಟರಲ್ಲಿ ಕಾಡುದಾರಿಯ ಒಂದು ತುಂಡು ಸರಿಯಾಗಬಹುದು, ಒಂದು ಮನೆಯ ಗೋಡೆ ಏಳಬಹುದು. ಮನೆ ಮುಗಿಸುವವರು ಬೇರೆ ಯಾರೋ. ನೀವು ಅರ್ಧಕ್ಕೆ ಬಿಟ್ಟದ್ದಕ್ಕೆ ಲೆಕ್ಕ ಇಟ್ಟಿದ್ದೀರಿ. ಬೇರೆಯವರು ಅರ್ಧಕ್ಕೆ ಬಿಟ್ಟದ್ದನ್ನು ನೀವು ಮುಗಿಸಿದ್ದಕ್ಕೆ ಲೆಕ್ಕವೇ ಇಟ್ಟಿಲ್ಲ.

ಇಂಥ ಶಿಬಿರಗಳ ಚರಿತ್ರೆ ಶುರುವಾಗುವುದೂ ಒಂದು ಅಪೂರ್ಣ ಕೆಲಸದಿಂದಲೇ. 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರ್ ಒಂದು ಸಣ್ಣ ತಂಡ ಕಟ್ಟಿಕೊಂಡು, ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ವೆರ್ಡನ್ ಬಳಿಯ ಫ್ರೆಂಚ್ ಹಳ್ಳಿಯೊಂದಕ್ಕೆ ಹೋದರು. ತಂಡದಲ್ಲಿ ಜರ್ಮನ್ನರೂ ಇದ್ದರು. ಯುದ್ಧದ ಗಾಯ ಇನ್ನೂ ಹಸಿ. ಶತ್ರುದೇಶದವರು ಬಂದು ಮನೆ ಕಟ್ಟಿಕೊಡುವುದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. 1921ರಲ್ಲಿ ಕೆಲಸ ಪೂರ್ತಿಯಾಗುವ ಮೊದಲೇ ತಂಡ ಅಲ್ಲಿಂದ ಹೊರಡಬೇಕಾಯಿತು. ಆ ಪ್ರಯತ್ನದಿಂದ ಬೆಳೆದದ್ದೇ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆ. 1934ರ ಬಿಹಾರ ಭೂಕಂಪದ ನಂತರ ಸೆರೆಸೋಲ್ ಭಾರತಕ್ಕೂ ಬಂದು ದುಡಿದರು. ಆ ಫ್ರೆಂಚ್ ಹಳ್ಳಿಯಿಂದ ಹೊರಟ ದಿನ ಅವರಿಗೂ ಪಟ್ಟ ಶ್ರಮ ದಂಡ ಎನಿಸಿರಬಹುದೇನೋ.

ಉಳಿದ ವಾರಗಳಲ್ಲಿ ನೀವು ಮಾಡಬೇಕಾದ ದೊಡ್ಡ ಕೆಲಸ ಎಂದರೆ ಒಪ್ಪಿಸಿಕೊಡುವುದು. ಮುಂದೆ ಬರುವ ತಂಡಕ್ಕೆ ಎರಡು ಪುಟ ಬರೆದಿಡಿ. ಸಾಧನೆಯ ವರದಿ ಬೇಡ, ಅದನ್ನು ಕಚೇರಿಯವರು ಹೇಗೂ ಬರೆಯುತ್ತಾರೆ. ಕೀಲಿ ಯಾರ ಹತ್ತಿರ ಇದೆ, ಯಾವ ನಲ್ಲಿ ಸೋರುತ್ತದೆ, ಯಾರನ್ನು ಕೇಳದೆ ಮರ ಕಡಿಯಬಾರದು, ಯಾವ ಅಜ್ಜಿ ಮಾತಾಡಿಸದೆ ಹೋದರೆ ಬೇಜಾರು ಮಾಡಿಕೊಳ್ಳುತ್ತಾರೆ. ನೀವು ಮಾಡಿ ನೋಡಿ ಕೈಬಿಟ್ಟ ಉಪಾಯಗಳನ್ನೂ ಬರೆಯಿರಿ. ಹೊಸಬರು ಮೊದಲ ವಾರವೆಲ್ಲ ಅದನ್ನೇ ಮತ್ತೆ ಮಾಡುವುದು ತಪ್ಪುತ್ತದೆ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಮಕ್ಕಳಿಗೆ ‘ಮತ್ತೆ ಬರ್ತೀನಿ’ ಎನ್ನಬೇಡಿ. ಬೀಳ್ಕೊಡುವ ಹೊತ್ತಿನಲ್ಲಿ ಆ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹೇಳಿದವರಿಗೆ ಮನಸ್ಸು ಹಗುರ, ಕೇಳಿದವರು ಕಾಯುತ್ತಾರೆ. ಇಂಥ ತಂಡಗಳು ಬಂದುಹೋಗುವ ಜಾಗದ ಮಕ್ಕಳು ಆ ಮಾತನ್ನು ಈಗಾಗಲೇ ಎಷ್ಟು ಜನರಿಂದ ಕೇಳಿದ್ದಾರೋ! ಹೊರಡುವ ದಿನವನ್ನು ಮೊದಲೇ ತಿಳಿಸಿ. ಪತ್ರ ಬರೆಯುತ್ತೀರಾದರೆ ಬರೆಯುತ್ತೇನೆ ಎನ್ನಿ. ಇಲ್ಲದಿದ್ದರೆ ‘ನಿಮ್ಮ ಜೊತೆ ಇದ್ದದ್ದು ಖುಷಿಯಾಯಿತು’ ಎಂದರೆ ಸಾಕು.

ಕಾಗದಪತ್ರಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪ್ರಮಾಣಪತ್ರ, ಶಿಫಾರಸು ಪತ್ರಗಳನ್ನು ಹೊರಡುವ ಮೊದಲೇ ಪಡೆಯಿರಿ. ಮೇಲ್ವಿಚಾರಕರಿಗೆ ನಿಮ್ಮ ಮುಖ ನೆನಪಿದ್ದಾಗ ಬರೆದದ್ದಕ್ಕೂ ಆರು ತಿಂಗಳು ಬಿಟ್ಟು ಬರೆದದ್ದಕ್ಕೂ ಬಹಳ ವ್ಯತ್ಯಾಸವಿದೆ. ಸೇವೆಯ ಗಂಟೆಗಳ ಲೆಕ್ಕವಿದ್ದರೆ ಈಗಲೇ ಕೂಡಿ ನೋಡಿ. ಎನ್‌ಸಿಸಿಸಿಯಲ್ಲಿ ಶಿಕ್ಷಣ ಸಹಾಯಧನ ಪೂರ್ತಿ ಸಿಗಬೇಕಾದರೆ 1,700 ಗಂಟೆ ಆಗಬೇಕಿತ್ತು. ಕೊನೆಯ ವಾರ ಕಡಿಮೆ ಬಿದ್ದರೆ ತುಂಬಿಸುವುದು ಕಷ್ಟ.

‘ಮುಂದೇನು?’ ಎಂಬುದಕ್ಕೆ ಸದ್ಯ ‘ಎರಡು ತಿಂಗಳಲ್ಲಿ ಹೇಳ್ತೀನಿ’ ಎನ್ನಿ. ಮನೆಗೆ ಬಂದಮೇಲೂ ಒಂದು ಇಳಿತ ಇರುತ್ತದೆ. ಬೇರೆ ನೆಲದಲ್ಲಿದ್ದು ಹಿಂತಿರುಗಿದವರು ಎರಡನೇ ಬಾರಿ ಹೊಂದಿಕೊಳ್ಳಬೇಕಾಗುತ್ತದೆ ಎಂದು ಗಲ್ಲಾಹಾರ್ನ್ ಎಂಬ ಸಂಶೋಧಕ ದಂಪತಿ 1963ರಲ್ಲೇ ಬರೆದಿದ್ದರು. ನಿಮ್ಮ ಕೋಣೆ ಹಾಗೇ ಇರುತ್ತದೆ, ಬೆಳಿಗ್ಗೆ ಎದ್ದರೆ ಇಂದಿನ ಕೆಲಸ ಇಂಥದ್ದು ಎಂದು ಹೇಳುವವರು ಮಾತ್ರ ಇರುವುದಿಲ್ಲ. ಆ ಖಾಲಿತನಕ್ಕೆ ಹೆದರಿಯೇ ಎಷ್ಟೋ ಜನ ಕೊನೆಯ ವಾರದಲ್ಲಿ ಇನ್ನೊಂದು ವರ್ಷಕ್ಕೆ ಸಹಿ ಹಾಕಿಬಿಡುತ್ತಾರೆ. ಹಾಕಬೇಡಿ ಎನ್ನುವುದಿಲ್ಲ. ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿ, ಆಮೇಲೂ ಬೇಕೆನಿಸಿದರೆ ಹಾಕಿ.

ಇನ್ನು ಲೇಖನ. ಖಂಡಿತ ಕಳಿಸಿ, ಆದರೆ ಈಗ ಬೇಡ. ಮನೆ ಸೇರಿ ಮೂರು ತಿಂಗಳಾದಮೇಲೆ ಬರೆಯಿರಿ. ಇಡೀ ವರ್ಷವನ್ನು ತುರುಕಬೇಡಿ, ಒಂದು ಜಾಗ, ಒಂದು ಕೆಲಸ ಸಾಕು. ‘ಈ ಅನುಭವ ನನ್ನನ್ನು ಬದಲಿಸಿತು’ ಎಂಬ ಸಾಲು ಇದ್ದರೆ ನಾನೇ ಹೊಡೆದುಹಾಕುತ್ತೇನೆ, ಈಗಲೇ ಹೇಳಿಬಿಟ್ಟಿದ್ದೇನೆ. ಫೋಟೋದಲ್ಲಿ ಮಕ್ಕಳಿದ್ದರೆ ಅವರ ಮನೆಯವರ ಒಪ್ಪಿಗೆ ಬೇಕು. ಅದನ್ನು ಮಾತ್ರ ಅಲ್ಲಿಂದ ಹೊರಡುವ ಮೊದಲೇ ಕೇಳಿಕೊಳ್ಳಿ.

– ಸಂಪಾದಕ