ಉಳಿದ ಮೂರು ಗಿಡಗಳ ಗೌಡರಿಗೆ

ಚಿತ್ರದುರ್ಗದ ಬಡಾವಣೆಯೊಂದರಿಂದ ಓದುಗರೊಬ್ಬರು ಬರೆದಿದ್ದಾರೆ: ಜೂನ್ 5ರ ಪರಿಸರ ದಿನದಂದು ಬೀದಿಯವರೆಲ್ಲ ಸೇರಿ ಉದ್ಯಾನದಲ್ಲಿ 20 ಸಸಿ ನೆಟ್ಟರಂತೆ, ಈಗ ಉಳಿದಿರುವುದು 3. ಮೂಲೆಯಲ್ಲಿ ಕಸದ ಗುಡ್ಡೆ. ಯಾರನ್ನು ಕರೆದರೂ ‘ತೆರಿಗೆ ಕಟ್ಟುವುದು ಮತ್ತೇಕೆ?’ ಎನ್ನುತ್ತಾರೆ. ನಾನೊಬ್ಬನೇ ಏಕೆ ಒದ್ದಾಡಬೇಕು ಎಂಬುದು ಅವರ ಪ್ರಶ್ನೆ.

ನಿಮ್ಮ ನೆರೆಯವರು ಹೇಳುವುದು ಸುಳ್ಳಲ್ಲ. ಬೀದಿ ಗುಡಿಸುವುದು, ಕಸ ಸಾಗಿಸುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ ಊರಿನ ಸ್ಥಳೀಯ ಆಡಳಿತದ ಕಡ್ಡಾಯ ಕರ್ತವ್ಯ. ಅದನ್ನು ನೀವು ಪೊರಕೆ ಹಿಡಿದು ಮಾಡಿಕೊಡಬೇಕಾಗಿಲ್ಲ. ಗುಡ್ಡೆಯ ಬಗ್ಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ತಿಂಗಳಿಗೊಮ್ಮೆ ವಿಚಾರಿಸಿ. ಕಾಗದ ಹಿಡಿದು ಮತ್ತೆ ಮತ್ತೆ ಬರುವವರನ್ನು ಕಚೇರಿಗಳು ಮರೆಯುವುದು ಕಷ್ಟ.

ಗಿಡದ ವಿಷಯ ಬೇರೆ. ನಮ್ಮದು ಮಳೆ ಕಡಿಮೆಯ ಸೀಮೆ. ಜೂನ್‌ನಲ್ಲಿ ನೆಟ್ಟ ಸಸಿಯ ನಿಜವಾದ ಪರೀಕ್ಷೆ ಫೆಬ್ರುವರಿಯಿಂದ ಮೇ ತನಕ. ಆಗ ಫೋಟೋ ತೆಗೆಸಿಕೊಂಡವರು ಯಾರೂ ಇರುವುದಿಲ್ಲ. (ಸಸಿ ನೆಡುವ ಸಮಾರಂಭಗಳ ಫೋಟೋ ಪ್ರಕಟಿಸಿದ ಪಾಪ ನಮ್ಮದೂ ಇದೆ.) ಉಳಿದ ಮೂರಕ್ಕೆ ಮುಳ್ಳಿನ ಬೇಲಿ ಕಟ್ಟಿ. ಬುಡದ ಪಕ್ಕ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂತು, ನೀರು ತುಂಬಿ ಬಾಯಿ ಮುಚ್ಚಿ. ನೀರು ಜಿನುಗುತ್ತ ಬೇರಿಗೇ ಹೋಗುತ್ತದೆ, ನೀವು ದಿನವೂ ಕೊಡ ಹೊರುವುದು ತಪ್ಪುತ್ತದೆ. ಮುಂದೆ ನೆಡುವುದಾದರೆ ಬೇವು, ಹೊಂಗೆ ನೆಡಿ. ಒಂದು ಮನೆಗೆ ಒಂದೇ ಗಿಡ, ಅದೂ ಅವರ ಬಾಗಿಲಿಗೆ ಕಾಣುವಂತೆ. ಎಲ್ಲರಿಗೂ ಸೇರಿದ ಇಪ್ಪತ್ತು ಸಸಿ ಒಣಗಿದರೆ ಯಾರಿಗೂ ನಾಚಿಕೆಯಾಗುವುದಿಲ್ಲ. ಪದ್ಮಕ್ಕನ ಮನೆಯ ಬೇವು ಒಣಗಿದರೆ ಪದ್ಮಕ್ಕನಿಗೆ ಆಗುತ್ತದೆ.

ಜನರನ್ನು ಸೇರಿಸುವ ಬಗೆಗೆ ನಮ್ಮ ಕೋಟೆಯನ್ನೇ ನೋಡಿ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಇಳಿಯುವಂತೆ ಕಟ್ಟಿದ್ದಾರೆ. ಮೇಲಿನದು ಕೆಟ್ಟರೆ ನಷ್ಟ ಕೆಳಗಿನವರಿಗೆ. ನಿಮ್ಮ ಮೂಲೆಯ ಪ್ಲಾಸ್ಟಿಕ್ ಚೀಲಗಳೂ ಹಾಗೆಯೇ, ಮೊದಲ ಮಳೆಗೆ ಇಳಿದು ಕೆಳಗಿನ ಬೀದಿಯ ಚರಂಡಿ ಕಟ್ಟುತ್ತವೆ. ಆದ್ದರಿಂದ ನಿಮ್ಮ ಬೀದಿಯವರನ್ನು ಬೇಡುವುದು ಬಿಟ್ಟು ಕೆಳಗಿನ ಬೀದಿಗೆ ಹೋಗಿ. ಯಾರ ಅಂಗಳಕ್ಕೆ ಚರಂಡಿ ನೀರು ನುಗ್ಗಿದೆಯೋ ಅವರು ದೂರಿಗೆ ಮೊದಲು ಸಹಿ ಹಾಕುತ್ತಾರೆ.

‘ನಾನೊಬ್ಬನೇ’ ಎಂದಿರಿ. ಹಾಳೂರಿಗೆ ಉಳಿದವನೇ ಗೌಡ; ಸದ್ಯಕ್ಕೆ ಆ ಗೌಡಿಕೆ ನಿಮ್ಮದು. ಏಪ್ರಿಲ್ ಕೊನೆಗೆ ಇನ್ನೊಂದು ಪತ್ರ ಬರೆಯಿರಿ. ಆ ಮೂರು ಗಿಡಗಳ ಸುದ್ದಿಯಷ್ಟೇ ಇದ್ದರೂ ಪ್ರಕಟಿಸುತ್ತೇವೆ.

— ಸಂಪಾದಕ