ಬಿರುಕು ಕೂದಲೆಳೆಯಷ್ಟು, ಉಜ್ಜುವುದು ಒಂದು ಗೇಣು

ಪ್ರಶ್ನೆ: ನನ್ನದು 16 ಅಡಿಯ ಹಳೆಯ ಫೈಬರ್‌ಗ್ಲಾಸ್ ಹಾಯಿದೋಣಿ. ಹೋದ ತಿಂಗಳು ದಡಕ್ಕೆ ತರುವಾಗ ಕಲ್ಲಿಗೆ ಬಡಿದು, ಮೂತಿಯ ಹತ್ತಿರ ನೀರಿನಲ್ಲಿ ಮುಳುಗುವ ಕಡೆ ಬಿರುಕು ಬಿಟ್ಟಿದೆ. ಉದ್ದ ನಾಲ್ಕು ಬೆರಳು, ಅಗಲ ಕೂದಲೆಳೆಯಷ್ಟೇ. ಪುಟ್ಟಿ ತುಂಬಿ ಬಣ್ಣ ಹೊಡೆದರೆ ಸಾಕಲ್ವಾ?

ಉತ್ತರ: ಸಾಕು ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ. ಕಾರಿಗೆ ಹಚ್ಚುವ ಪುಟ್ಟಿ ತುಂಬಿ, ನುಣ್ಣಗೆ ಉಜ್ಜಿ, ಬಣ್ಣ ಬಳಿದು ಬೀಗಿದ್ದೆ. ಮೂರನೇ ಸಲ ನೀರಿಗಿಳಿಸಿದಾಗ ಅದು ಗಾಯದ ಹಕ್ಕಳೆಯ ಹಾಗೆ ಎದ್ದು ಬಂತು. ಆ ಪುಟ್ಟಿ ನೀರು ಕುಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದರಲ್ಲಿ ನಾರೇ ಇಲ್ಲ. ತುಂಡಾದ ಗಾಜಿನ ನಾರನ್ನು ಅದು ಹೇಗೆ ಹಿಡಿದಿಟ್ಟೀತು?

ಮೊದಲು ಒಂದು ನಾಣ್ಯ ತಗೊಳ್ಳಿ. ಬಿರುಕಿನ ಸುತ್ತ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಟಕ್ ಅನ್ನುತ್ತದೆ, ಪದರ ಬಿಟ್ಟುಕೊಂಡಲ್ಲಿ ದನಿ ಸತ್ತು ಡಬ್ ಅನ್ನುತ್ತದೆ. ಅಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿ. ಗುರುತು ಬಿರುಕಿನಿಂದ ಎಷ್ಟು ದೂರ ಹೋಯಿತು ಅಂತ ನೋಡಿದರೆ ನಿಮಗೇ ಆಶ್ಚರ್ಯವಾದೀತು. ದೋಣಿಯೊಳಗಿಂದಲೂ ಟಾರ್ಚ್ ಹಿಡಿದು ನೋಡಿ. ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಅಲ್ಲಿ ನಾರು ರೆಸಿನ್ನಿನಿಂದ, ಅಂದರೆ ಅದನ್ನು ಹಿಡಿದಿಟ್ಟ ಗಟ್ಟಿ ಅಂಟಿನಿಂದ, ಬಿಟ್ಟುಕೊಂಡಿದೆ ಎಂದರ್ಥ.

ಆಮೇಲೆ ಒಣಗಿಸುವುದು. ಇಲ್ಲಿ ಅವಸರ ಬೇಡ. ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನೂ ಒಣಗಿಲ್ಲ.

ಒಣಗಿದ ಮೇಲೆ ಅಸಿಟೋನಿನಲ್ಲಿ ಒರೆಸಿ, ನಂತರವೇ ಉಜ್ಜಿ. ಉಲ್ಟಾ ಮಾಡಿದರೆ ಮೇಲಿನ ಮೇಣವನ್ನು ನೀವೇ ಒಳಗೆ ತಿಕ್ಕಿದ ಹಾಗೆ. ಇನ್ನು ಎದೆ ಗಟ್ಟಿ ಮಾಡಿಕೊಳ್ಳಬೇಕಾದ ಕೆಲಸ. ಹಾಳಾದ ನಾರನ್ನೆಲ್ಲ ತೆಗೆದು, ಅಂಚನ್ನು ದಪ್ಪದ 12 ಪಟ್ಟು ದೂರದವರೆಗೆ ಇಳಿಜಾರಾಗಿ ಉಜ್ಜಬೇಕು. ಒಡಲು 5 ಮಿಲಿಮೀಟರ್ ದಪ್ಪವಿದ್ದರೆ ಎಲ್ಲ ಕಡೆಗೂ 60 ಮಿಲಿಮೀಟರ್. ನಾಲ್ಕು ಬೆರಳಿನ ಬಿರುಕಿಗೆ ಒಂದು ಗೇಣು ಉದ್ದ ತಗ್ಗಾಗುತ್ತದೆ. ನೋಡಿದರೆ ಹೊಟ್ಟೆ ಉರಿಯುತ್ತದೆ, ಆದರೆ ಮೇಲೆ ಅಂಟಿಸುವ ಹೊಸ ಗಾಜಿನ ಬಟ್ಟೆಗೆ ಹಿಡಿತ ಸಿಗುವುದು ಆ ಇಳಿಜಾರಿನಲ್ಲೇ. ಒಳ್ಳೆಯ ಮಾಸ್ಕ್, ಕನ್ನಡಕ, ಪೂರ್ತಿ ತೋಳಿನ ಅಂಗಿ ಇಲ್ಲದೆ ಗ್ರೈಂಡರ್ ಮುಟ್ಟಬೇಡಿ. ಗಾಜಿನ ಪುಡಿಯ ತುರಿಕೆ ಸುಲಭಕ್ಕೆ ಬಿಡುವುದಿಲ್ಲ.

ರೆಸಿನ್ ಯಾವುದು? ನಿಮ್ಮ ದೋಣಿ ಪಾಲಿಯೆಸ್ಟರಿನದೇ ಇರಬಹುದು, ಆದರೂ ನಾನು ಎಪಾಕ್ಸಿ ಅನ್ನುತ್ತೇನೆ. ಹಳೆಯ ಮೈಗೆ ಅದರಷ್ಟು ಚೆನ್ನಾಗಿ ಪಾಲಿಯೆಸ್ಟರ್ ಅಂಟುವುದಿಲ್ಲ. ಎಪಾಕ್ಸಿಗೆ ನೇಯ್ದ ಇಲ್ಲವೇ ಹೊಲಿದ ಗಾಜಿನ ಬಟ್ಟೆ ತನ್ನಿ. ಮಾಮೂಲಿ ಚಾಪ್ಡ್ ಮ್ಯಾಟ್‌ನ (ತುಂಡು ನಾರುಗಳನ್ನು ಅಂಟಿಸಿ ಮಾಡಿದ ಹಾಳೆ) ಅಂಟು ಪಾಲಿಯೆಸ್ಟರಿನಲ್ಲಿರುವ ಸ್ಟೈರೀನ್ ಎಂಬ ದ್ರಾವಕಕ್ಕೆ ಕರಗುವಂಥದ್ದು, ಎಪಾಕ್ಸಿಯಲ್ಲಿ ಅದು ಸುಮ್ನೆ ಬಿರುಸಾಗಿ ನಿಲ್ಲುತ್ತದೆ. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡನರ್‌ನ ಅಳತೆ ಡಬ್ಬಿಯ ಮೇಲಿದ್ದಷ್ಟೇ. ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಕಲಸಿದ್ದನ್ನು ಅಗಲ ತಟ್ಟೆಗೆ ಸುರಿದುಕೊಳ್ಳಿ, ಒಂದೇ ಕಡೆ ರಾಶಿಯಾಗಿದ್ದರೆ ಅದು ತಾನಾಗೇ ಕಾಯುತ್ತದೆ. ಲೋಟದಲ್ಲೇ ಬಿಟ್ಟು ಫೋನ್ ಎತ್ತಲು ಹೋದ ನನಗೆ, ವಾಪಸ್ ಬಂದಾಗ ಲೋಟ ಕರಗಿ ಹೊಗೆಯಾಡುತ್ತಿತ್ತು.

ಬಟ್ಟೆಯನ್ನು ಎಪಾಕ್ಸಿಯಲ್ಲಿ ನೆನೆಸಿ ಉಜ್ಜಿದ ತಗ್ಗಿಗೆ ಅಂಟಿಸಿ. ಅದು ಗಟ್ಟಿಯಾದ ನಂತರ ಮೇಲೆ ಜಿಡ್ಡಿನ ಪೊರೆ ಕಂಡರೆ ಬರೀ ನೀರಿನಲ್ಲಿ ತಿಕ್ಕಿ ತೊಳೆಯಿರಿ, ಆಮೇಲೆ ಉಜ್ಜಿ. ನಂತರ ಎಪಾಕ್ಸಿ ಪ್ರೈಮರ್, ಅದರ ಮೇಲೆ ನೀರಿನೊಳಗಿನ ಭಾಗಕ್ಕೆಂದೇ ಬರುವ ದೋಣಿಯ ಬಣ್ಣ.

ಪ್ರಶ್ನೆ: ಅದೇ ದೋಣಿಯ ಡೆಕ್ ಮೇಲೆ ಒಂದು ಬೋಲ್ಟಿನ ಸುತ್ತ ಜೇಡರಬಲೆಯಂಥ ಗೆರೆಗಳಿವೆ. ಅದಕ್ಕೂ ಇಷ್ಟೆಲ್ಲ ಮಾಡಬೇಕಾ?

ಉತ್ತರ: ನಾಣ್ಯ ಟಕ್ ಅಂದರೆ ಬೇಡ. ಅದು ಜೆಲ್‌ಕೋಟ್ ಬಿರುಕು, ಸುಮಾರು ಅರ್ಧ ಮಿಲಿಮೀಟರಿನ ಹೊರಪದರ ಅಷ್ಟೇ. ಆದರೆ ಬೋಲ್ಟ್ ಎಳೆದಾಗಲೆಲ್ಲ ಡೆಕ್ ಬಾಗುತ್ತಿರುವುದರಿಂದ ಅದು ಬಂದಿದೆ. ಮೊದಲು ಡೆಕ್ಕಿನ ಕೆಳಗೆ, ನಟ್ಟಿಗೆ ಅಗಲವಾದ ತಗಡು ಇಲ್ಲವೇ ಪ್ಲೈವುಡ್ ಆಸರೆ ಕೊಡಿ. ಆಮೇಲೆ ಗೆರೆಗಳನ್ನು ಸ್ಕ್ರೇಪರಿನ ಮೂಲೆಯಿಂದ ಸ್ವಲ್ಪ ಅಗಲಿಸಿ ಜೆಲ್‌ಕೋಟ್ ತುಂಬಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಗಾಳಿ ತಾಗಿದರೆ ಅದರ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ.